ಗುಂಡಿಗೆ ಹಬ್ಬವಿಲ್ಲ

ನಮ್ಮ ಚೈತ್ರಾಗೆ ಕೆಲಸ ಆಯಿತು! ಇವತ್ತು ಬೆಳಿಗ್ಗೆ ಎಂಟೂವರೆಗೆ ಫೋನು ಬಂತು. ಮೊದಲು ಇದನ್ನು ಬರೆದುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಹೊಟ್ಟೆಯೊಳಗೆ ಇಟ್ಟುಕೊಂಡರೆ ಪೆನ್ನು ಹಿಡಿದ ಕೈ ನಿಲ್ಲುವುದಿಲ್ಲ.

ಚೈತ್ರ ನನ್ನ ಮಗ ಮಹೇಶನ ಮಗಳು. ನನಗೆ ಇರುವುದು ಇವಳೊಬ್ಬಳೇ ಮೊಮ್ಮಗಳು. ಕೆಲಸ ಸಿಕ್ಕಿರುವುದು ಎಲ್ಲಿ ಗೊತ್ತೆ? ಕಡಲ ತೀರದಲ್ಲಿ. ಅಲ್ಲಿನ ಪಟ್ಟಣಗಳಲ್ಲಿ ಬಸ್ಸು, ದೋಣಿ ಎಲ್ಲ ಹೆಚ್ಚು ಓಡಿಸುತ್ತಾರಂತೆ. ಜನ ಸ್ವಂತ ಗಾಡಿ ಬಿಟ್ಟು ಬಸ್ಸು ಹತ್ತಿದರೆ ರಸ್ತೆ ಮೇಲೆ ಸೋರುವ ಎಣ್ಣೆ ಕಡಿಮೆಯಾಗುತ್ತದೆ, ಮಳೆ ಬಂದಾಗ ಆ ಎಣ್ಣೆ ಕಡಲಿಗೆ ಹೋಗುವುದೂ ಕಡಿಮೆಯಾಗುತ್ತದೆ ಅನ್ನುವುದು ಲೆಕ್ಕಾಚಾರ. ಆದರೆ ಬಸ್ಸು ಹೆಚ್ಚಾದರೆ ಬಸ್ಸು ತೊಳೆದ ನೀರೂ ಹೆಚ್ಚಾಗುತ್ತದಲ್ಲ? ಆ ನೀರು ಹೊಳೆ ಕಡಲು ಸೇರುವ ಅಳಿವೆಗೆ ಹೋಗದ ಹಾಗೆ ನೋಡಿಕೊಳ್ಳುವುದು ನಮ್ಮ ಹುಡುಗಿಯ ಕೆಲಸ. ಬಸ್ಸು ತೊಳೆದವನ ಮೊಮ್ಮಗಳು ಬಸ್ಸು ತೊಳೆದ ನೀರನ್ನು ತೊಳೆಯಲು ಹೊರಟಿದ್ದಾಳೆ. ಇದಕ್ಕಿಂತ ಏನು ಬೇಕು ನನಗೆ?

ಫೋನು ಇಟ್ಟವನೇ ಬೀದಿಗೆ ಓಡಿದೆ. ಅಂಗಡಿಯಿಂದ ಸಕ್ಕರೆ ತಂದು, ಎದುರು ಸಿಕ್ಕವರ ಬಾಯಿಗೆಲ್ಲ ಒಂದೊಂದು ಚಿಟಿಕೆ ಹಾಕಿದೆ. ಗಾವಡಗೆರೆ ಕಡೆ ಹೊರಟಿದ್ದ ಬಸ್ಸನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಡ್ರೈವರಿಗೂ ಹಾಕಿದೆ. ಆತ ಬಯ್ಯಲಿಲ್ಲ. "ಏನ್ ತಾತ, ಮೊಮ್ಮಗಳ ಮದ್ವೆಯಾ?" ಅಂದ. "ಅದಕ್ಕಿಂತ ದೊಡ್ದು ಕಣಪ್ಪ!" ಅಂದೆ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಈ ನೋಟುಬುಕ್ಕು ಕೊಡಿಸಿದವಳೂ ಚೈತ್ರಾನೇ. ಇಂಟರ್‌ವ್ಯೂಗೆ ಹೋಗುವ ಮುಂಚೆ, "ತಾತ, ನಿಮ್ಮ ಕೆಲ್ಸ ಹೆಂಗಿತ್ತು ಅಂತ ಬರೀರಿ. ನನ್ ಜೊತೆ ಹೊಸದಾಗಿ ಸೇರೋವ್ರಿಗೆಲ್ಲ ಓದೋಕೆ ಕೊಡ್ತೀನಿ" ಅಂದಿದ್ದಳು. ನಾನು ಓದಿರುವುದು ಮೂರನೇ ಕ್ಲಾಸು. ಒತ್ತಕ್ಷರ ಎಲ್ಲಿ ಹಾಕಬೇಕೋ ಅಲ್ಲಿ ಬಿಡುತ್ತೇನೆ, ಎಲ್ಲಿ ಬೇಡವೋ ಅಲ್ಲಿ ಹಾಕುತ್ತೇನೆ. ಸೊಸೆ ಸವಿತ ತಿದ್ದಿ ಕೊಡುತ್ತಾಳೆ. ಹಾಗಾಗಿ ಇದನ್ನು ಓದುವ ಮಕ್ಕಳೇ, ಅಕ್ಷರ ಚೆನ್ನಾಗಿದ್ದರೆ ಅದು ಸೊಸೆಯದು. ತಪ್ಪೆಲ್ಲ ನನ್ನದು. ತಪ್ಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಬರಲೇಬೇಕು.

ನಾನಿದ್ದದ್ದು ನಮ್ಮ ಸೀಮೆಯ ಒಂದು ಬಸ್ ಡಿಪೋದಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಈಗ ಅಲ್ಲಿರುವವರು ಒಳ್ಳೆಯವರು, ಅವರಿಗೆ ಮುಜುಗರ ಬೇಡ. ಕಾಗದದಲ್ಲಿ ನನ್ನ ಕೆಲಸ ಹೆಲ್ಪರು. ನಿಜವಾಗಿ ಮಾಡಿದ್ದು ಬಸ್ಸು ತೊಳೆಯುವುದು. ಸೇರಿದಾಗ ಇದ್ದದ್ದು ಒಂದು ಬಕೇಟು, ಒಂದು ತೆಂಗಿನ ನಾರಿನ ಉಂಡೆ, ಒಂದು ಕಡ್ಡಿ ಪೊರಕೆ. ಆಮೇಲೆ ಪಂಪು, ಪೈಪು ಬಂತು. ನಾನು ಬಿಡುವ ಹೊತ್ತಿಗೆ ದೊಡ್ಡ ಬ್ರಷ್ಷುಗಳು ತಿರುಗುವ ಮಿಷನ್ನು ಬಂದಿತ್ತು. ಬಸ್ಸು ಒಂದು ಕಡೆ ಕೊಳಕಾಗಿ ಹೋಗಿ ಇನ್ನೊಂದು ಕಡೆ ಮದುವಣಗಿತ್ತಿ ಹಾಗೆ ಬರುತ್ತಿತ್ತು. ಈಗಿನವರಿಗೆ ಸ್ವಿಚ್ಚು ಒತ್ತುವುದು ಗೊತ್ತು. ಕೊಳೆ ಗೊತ್ತಿಲ್ಲ. ಅದಕ್ಕೇ ಹೇಳುತ್ತೇನೆ, ವಾರದಲ್ಲಿ ಒಂದು ದಿನವಾದರೂ ಕೈಯಲ್ಲಿ ತೊಳೆಯಿರಿ.

ಕೊಳೆ ನೋಡಿದರೆ ನನಗೆ ಬಸ್ಸು ಎಲ್ಲಿಂದ ಬಂತು ಅಂತ ಬೋರ್ಡು ಓದದೆ ಗೊತ್ತಾಗುತ್ತಿತ್ತು. ಅಂತರಸಂತೆ ಕಡೆಯ ಬಸ್ಸಿಗೆ ಸೊಂಟದವರೆಗೆ ಕೆಂಪು ಧೂಳು, ಸಂತೆ ದಿನವಾದರೆ ಸೀಟಿನ ಕೆಳಗೆ ಕೋಳಿ ಪುಕ್ಕ. ಕೆ.ಆರ್. ನಗರದ್ದು ಸುಗ್ಗಿಯಲ್ಲಿ ಚಕ್ರಕ್ಕೆಲ್ಲ ನೆಲ್ಲುಹುಲ್ಲು ಸುತ್ತಿಕೊಂಡು ಬರುತ್ತಿತ್ತು. ಪಿರಿಯಾಪಟ್ಟಣದ ಬಸ್ಸು ಹೊಗೆಸೊಪ್ಪಿನ ಕಾಲದಲ್ಲಿ ಎಷ್ಟು ತೊಳೆದರೂ ಘಾಟು ಹೋಗದು, ಒಳಗೆ ಹೋದರೆ ಸೀನು. ಬೈಲಕುಪ್ಪೆ ದಾಟಿ ಬಂದದ್ದರಲ್ಲಿ ಟಿಬೆಟ್ಟಿನವರ ಧೂಪದ ವಾಸನೆ ಇರುತ್ತಿತ್ತು. ಅದು ನನಗೆ ಇಷ್ಟ, ಆ ಬಸ್ಸಿನ ಒಳಗಡೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಇನ್ನು ಕೊಡಗಿನ ತಿರುವು ಇಳಿದು ಬಂದ ಬಸ್ಸು! ಕಿಟಕಿ ಕಿಟಕಿಗೂ ಕೆಳಗೆ ವಾಂತಿಯ ಗೆರೆ. ಅದನ್ನು ಯಾರೂ ಇಷ್ಟಪಟ್ಟು ತೊಳೆದದ್ದಿಲ್ಲ, ನಾನು ಸುಳ್ಳು ಹೇಳುವುದಿಲ್ಲ.

ಸೇರಿದ ಮೊದಲ ವಾರ ಒಂದು ಎಡವಟ್ಟು ಮಾಡಿದೆ. ಮಟಮಟ ಮಧ್ಯಾಹ್ನ, ಬಸ್ಸಿನ ಹಿಂದಿನ ಸೀಟಿಗೆ ಕಿಟಕಿಯಿಂದಲೇ ಒಂದು ಬಕೇಟು ನೀರು ಎರಚಿದೆ. ಒಳಗಿನಿಂದ "ಅಯ್ಯಯ್ಯೋ, ಕೆರೆ ಒಡೀತು ಕಣ್ರಪ್ಪೋ!" ಅಂತ ಕೂಗು. ಕಂಡಕ್ಟರ್ ಪುಟ್ಟಸ್ವಾಮಿ ಊಟ ಮಾಡಿ ಅಲ್ಲೇ ಮಲಗಿದ್ದ. ತೊಪ್ಪನೆ ನೆನೆದು ಇಳಿದು ಬಂದ.

"ಏನ್ಲಾ, ನಾನೇನ್ ಎಮ್ಮೆಯೇನ್ಲಾ?"

"ಇಲ್ಲ ಸಾ, ಗೊತ್ತಾಗ್ನಿಲ್ಲ ಸಾ."

"ಮೈ ತೊಳ್ದಿದ್ದಾಯ್ತು, ಬೆನ್ನೂ ಉಜ್ಬುಡು ಅತ್ಲಾಗೆ!"

ಆವತ್ತಿನಿಂದ ನಾನು ನಿವೃತ್ತನಾಗುವವರೆಗೂ ಪುಟ್ಟಸ್ವಾಮಿ ನನ್ನನ್ನು ಕಂಡಾಗಲೆಲ್ಲ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಮಕ್ಕಳೇ, ನೀರು ಬಿಡುವ ಮುಂಚೆ ಒಳಗೆ ಇಣುಕಿ. ಇದು ಬಸ್ಸಿಗೂ ಸರಿ, ಚರಂಡಿಗೂ ಸರಿ.

ಚರಂಡಿ ಅಂದೆನಲ್ಲ. ಮೊದಮೊದಲು ನಾವು ತೊಳೆದ ನೀರೆಲ್ಲ ಕಾಂಪೌಂಡಿನ ತೂತಿನಿಂದ ಹೊರಗೆ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಿದವನೇ ಅಲ್ಲ. ಕೇಳುವ ಹಾಗೆ ಮಾಡಿದವರು ಹೆಡ್ ಮೆಕ್ಯಾನಿಕ್ ಇಸ್ಮಾಯಿಲ್ ಸಾಹೇಬರು. ಬಿಳಿ ಗಡ್ಡ, ಕರಿ ಕೈ. ಒಂದು ದಿನ ಖಾಲಿ ಶರಬತ್ತಿನ ಶೀಸೆಯಲ್ಲಿ ನಾನು ತೊಳೆದ ನೀರನ್ನೇ ತುಂಬಿ, ಬಿರಡೆ ಹಾಕಿ, ಕಿಟಕಿಯಲ್ಲಿ ಇಟ್ಟರು. "ನಾಳೆ ಬಂದು ನೋಡು" ಅಂದರು. ಮಾರನೇ ದಿನ ನೋಡಿದರೆ ಶೀಸೆಯೊಳಗೆ ಮೂರು ಅಂತಸ್ತು. ತಳದಲ್ಲಿ ಮಣ್ಣು, ಮೇಲೆ ಕಪ್ಪಗೆ ಎಣ್ಣೆ, ನಡುವೆ ನೀರು.

"ನೋಡಯ್ಯ ಚಿಕ್ಕಣ್ಣ, ನೀರಿಗೆ ಒಂದು ದಿನ ಸುಮ್ನೆ ಕೂರೋಕೆ ಬಿಟ್ರೆ ಅದೇ ತನ್ನ ಕೊಳೆ ಬಿಡ್ತದೆ. ನಾವು ಬಿಡೋದಿಲ್ಲ, ಓಡಿಸ್ತೀವಿ. ಅದು ಓಡಿ ಎಲ್ಲಿಗೆ ಹೋಗ್ತದೆ?"

"ಆಚೀಕೆ ಸಾ."

"ಆಚೆಗೆ ಅಂದ್ರೆ? ಹಳ್ಳಕ್ಕೆ. ಹಳ್ಳ ಕೆರೆಗೆ. ಕೆರೆ ಕೋಡಿ ಬಿದ್ರೆ ಲಕ್ಷ್ಮಣತೀರ್ಥಕ್ಕೆ, ಅಲ್ಲಿಂದ ಕಾವೇರಿಗೆ, ಕಾವೇರಿ ಸಮುದ್ರಕ್ಕೆ. ನೀನು ಇಲ್ಲಿ ಬಕೇಟು ಬಗ್ಗಿಸ್ತಿಯಾ, ಅಲ್ಲಿ ಯಾವನೋ ಮೀನು ಹಿಡಿಯೋನ ಬಲೆಗೆ ಬೀಳ್ತದೆ."

ನಾನು ಕಡಲು ನೋಡಿದವನಲ್ಲ, ಕಡಲಿನ ವಿಷಯ ನನ್ನ ತಲೆಗೆ ಹತ್ತಲಿಲ್ಲ. ಆದರೆ ಕೆರೆ ಅಂದಾಗ ಕೈಯಲ್ಲಿದ್ದ ಬಕೇಟು ಕೆಳಗಿಟ್ಟೆ. ಆ ಕೆರೆ ಇರುವುದು ನನ್ನ ಹೆಂಡತಿ ಜಯಮ್ಮನ ತವರಿನಲ್ಲಿ. ಅದರ ಏರಿ ಪಕ್ಕವೇ ನನ್ನ ಬಾಮೈದ ನಿಂಗರಾಜುವಿನ ಗದ್ದೆ.

ಸಾಹೇಬರು ಮ್ಯಾನೇಜರ ಹತ್ತಿರ ಆರು ತಿಂಗಳು ಓಡಾಡಿ ಒಂದು ಗುಂಡಿ ಮಾಡಿಸಿದರು. ಮೂರು ತೊಟ್ಟಿ, ಒಂದರ ಪಕ್ಕ ಒಂದು. ಮೊದಲನೆಯದರಲ್ಲಿ ಮಣ್ಣು ಕೂರುತ್ತದೆ. ಎರಡನೆಯದರಲ್ಲಿ ಎಣ್ಣೆ ತೇಲುತ್ತದೆ, ನೀರು ಬಗ್ಗಿದ ಪೈಪಿನಲ್ಲಿ ಅಡಿಯಿಂದ ದಾಟುತ್ತದೆ, ಎಣ್ಣೆ ಮೇಲೆಯೇ ಉಳಿಯುತ್ತದೆ. ಮೂರನೆಯದರಲ್ಲಿ ಮರಳು, ಇದ್ದಿಲು, ತೆಂಗಿನ ನಾರು. ನನ್ನ ಕೈಯಲ್ಲಿ ಉಜ್ಜಿ ಉಜ್ಜಿ ಸವೆದ ನಾರು ಅಲ್ಲಿ ನೀರು ಸೋಸುತ್ತಿತ್ತು. ಗುಂಡಿ ನನ್ನ ಸುಪರ್ದಿಗೆ ಬಂತು. ಪ್ರತಿ ಶನಿವಾರ ಎಣ್ಣೆಯನ್ನು ಮೊರದಂಥ ತಗಡಿನಲ್ಲಿ ಬಾಚಿ ಡ್ರಮ್ಮಿಗೆ ಹಾಕುವುದು, ತಿಂಗಳಿಗೊಮ್ಮೆ ಹೂಳು ತೆಗೆಯುವುದು. ಎರಡನೇ ತೊಟ್ಟಿಯ ತಳದಲ್ಲಿ ನೆಟ್ಟಗೆ ಹಳ್ಳಕ್ಕೆ ಹೋಗುವ, ಅಂಗೈ ಅಗಲದ ಒಂದು ತೂತು ಇತ್ತು, ಅದಕ್ಕೆ ಮರದ ಬಿರಡೆ. ಎಣ್ಣೆ ಪೂರ್ತಿ ಬಾಚಿ ಆದ ಮೇಲೆ, ಸಾಹೇಬರು ಎದುರಿಗಿದ್ದಾಗ ಮಾತ್ರ ಆ ಬಿರಡೆ ತೆಗೆಯಬೇಕು ಅಂತ ಕಟ್ಟಪ್ಪಣೆ.

ಆ ಗುಂಡಿ ನನ್ನನ್ನು ಮನುಷ್ಯನನ್ನಾಗಿ ಮಾಡಿತು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು, ನಾನು ಅದರ ಪಕ್ಕ ಕೂತು ಬುತ್ತಿ ತಿನ್ನುತ್ತಿದ್ದೆ. ಚೈತ್ರ ಚಿಕ್ಕವಳಿದ್ದಾಗ ಅವಳಿಗೆ ರಾಜಕುಮಾರಿ ಕಥೆ ಹೇಳಿದ್ದಿಲ್ಲ, ಗುಂಡಿ ಕಥೆಯೇ ಹೇಳಿದ್ದು. ಶೀಸೆಯ ಆಟವನ್ನು ಅವಳು ಎಷ್ಟು ಸಲ ಆಡಿದ್ದಾಳೋ, ಅವರಜ್ಜಿ ಒಗೆದ ನೀರನ್ನೂ ಬಿಟ್ಟವಳಲ್ಲ.

ಅವಳು ಹೈಸ್ಕೂಲಿನಲ್ಲಿದ್ದಾಗ, ನಾನು ಕೆಲಸ ಬಿಟ್ಟ ಮೇಲೆ, ಇಬ್ಬರೂ ಕಡಲು ನೋಡಲು ಹೋದೆವು. ಪಡುವಣ ಕಡಲು. ನಮ್ಮ ಕಾವೇರಿ ಹೋಗುವುದು ಮೂಡಣಕ್ಕೆ, ಅದು ಬೇರೆ ಕಡಲು ಅಂತ ಅವಳೇ ನನಗೆ ತಿಳಿಸಿದ್ದು. ಬಸ್ಸಿಳಿದು ಅಳಿವೆಯ ಹತ್ತಿರ ಹೋದರೆ, ಸೊಂಟದ ಮಟ್ಟದ ನೀರಿನಲ್ಲಿ ಹೆಂಗಸರು ನಿಂತು ಮರುವಾಯಿ ಹೆಕ್ಕುತ್ತಿದ್ದರು. ಮರುವಾಯಿ ಅಂದರೆ ಚಿಪ್ಪಿನೊಳಗಿನ ಜೀವ, ಅವರು ಸಾರು ಮಾಡುತ್ತಾರೆ. ಒಬ್ಬ ಅಮ್ಮ ಬುಟ್ಟಿ ಎತ್ತಿ ತೋರಿಸಿದರು. ತಳ ಮುಚ್ಚುವಷ್ಟೂ ಇರಲಿಲ್ಲ.

"ಮೊದಲು ಬುಟ್ಟಿ ತುಂಬ್ತಿತ್ತು ಮಾರಾಯ್ರೆ. ಈಗ ಎಣ್ಣೆ ವಾಸನೆ. ಸಿಕ್ಕಿದ್ದನ್ನೂ ತೆಗೊಳ್ಳುವವರು ಮೂಸಿ ನೋಡಿ ಹೋಗ್ತಾರೆ" ಅಂದರು. ಅವರು ಕೈ ತೋರಿಸಿದ ಕಡೆ ನೋಡಿದರೆ, ಬಸ್ಸು, ಲಾರಿ, ದೋಣಿ ಎಲ್ಲ ತೊಳೆದ ನೀರು ಒಂದು ದೊಡ್ಡ ಮೋರಿಯಿಂದ ಬೀಳುತ್ತಿತ್ತು. ಮೇಲೆ ಬಣ್ಣ ಬಣ್ಣದ ಎಣ್ಣೆ. ನನಗೆ ಗುರುತು ಹತ್ತಿತು.

ಚೈತ್ರ ನನ್ನ ಪಂಚೆ ಜಗ್ಗಿ ಕೇಳಿದಳು. "ತಾತ, ಇಲ್ಲಿ ನಿಮ್ ಗುಂಡಿ ಇಲ್ವಾ?"

ಅವಳ ಓದು, ಅವಳ ಕೆಲಸ ಎಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು.

ತಪ್ಪಿನ ವಿಷಯಕ್ಕೆ ಬರುತ್ತೇನೆ ಅಂದವನು, ಧೈರ್ಯ ಸಾಲದೆ ಇಲ್ಲಿಯವರೆಗೆ ಬರೆದು ಈ ಪುಸ್ತಕ ಮುಚ್ಚಿಟ್ಟಿದ್ದೆ. ಇಷ್ಟೇ ಸಾಕು, ಓದಿದ ಮಕ್ಕಳು ಚಿಕ್ಕಣ್ಣ ಒಳ್ಳೆಯ ಕೆಲಸಗಾರ ಅಂದುಕೊಳ್ಳಲಿ ಅಂತ ಇತ್ತು. ಆದರೆ ಬೆಳಿಗ್ಗೆ ಫೋನಿನಲ್ಲಿ ಚೈತ್ರ ಇನ್ನೊಂದು ಮಾತು ಹೇಳಿದಳು.

"ತಾತ, ಇಂಟರ್‌ವ್ಯೂನಲ್ಲಿ ನಿಮ್ ಗುಂಡಿ ವಿಷ್ಯಾನೇ ಹೇಳ್ದೆ. ಶೀಸೆ ಕಥೆ ಕೇಳಿ ಎಲ್ರೂ ಖುಷಿಯಾದ್ರು. ಒಬ್ರು ಮೇಡಮ್ಮು, ಆ ಗುಂಡಿ ಯಾವತ್ತಾದ್ರೂ ಕೈಕೊಟ್ಟಿತ್ತಾ ಅಂದ್ರು. ಒಂದು ಸಲಾನೂ ಇಲ್ಲ, ನಮ್ ತಾತ ಡಿಪೋದಲ್ಲಿ ಇರೋವರ್ಗೂ ಕೊಟ್ಟಿಲ್ಲ ಅಂದೆ!"

ಫೋನಿನಲ್ಲಿ ಕೇಳಿದಾಗ ಖುಷಿಯಲ್ಲಿ ತಲೆಗೆ ಹತ್ತಿರಲಿಲ್ಲ, ಸಕ್ಕರೆ ಹಂಚಿ ತಿರುಗಿ ಬರುವಾಗ ಆ ಮಾತು ನೆನಪಾಗಿ ಬಾಯಲ್ಲಿದ್ದ ಸಕ್ಕರೆ ಮಣ್ಣಾಯಿತು. ನನ್ನ ಸುಳ್ಳು ಈಗ ಮೊಮ್ಮಗಳ ಬಾಯಿಂದ ದೊಡ್ಡವರ ಮುಂದೆ ಹೋಗಿ ಕೂತಿದೆ. ಬೀದಿಯೆಲ್ಲ ಕುಣಿದು ಬಂದವನು ಮನೆಯೊಳಗೆ ಬಂದು ಗೋಡೆಗೊರಗಿ ಕೂತೆ. ಜಯಮ್ಮ ನೋಡಿದಳು. ಅವಳಿಗೆ ಯಾವಾಗಲೂ ಎಲ್ಲ ಗೊತ್ತು.

"ಇವತ್ತ್ ಸಂಜೆ ಚೈತ್ರಾ ಬತ್ತಾಳೆ. ನನ್ ತಮ್ಮಂಗೂ ಬಾ ಅಂದಿವ್ನಿ. ಇನ್ನು ನಿಮ್ಗ್ ಬುಟ್ಟಿದ್ದು" ಅಂದಳು. ಅಂದು ಸೊಪ್ಪು ಬಿಡಿಸಲು ಹೋದಳು.

ಅದಕ್ಕೇ ಈಗ ಬರೆಯುತ್ತಿದ್ದೇನೆ. ಗುಂಡಿ ಕೈಕೊಟ್ಟಿತ್ತು. ಕೊಡಿಸಿದವನು ನಾನು.

ಮಹೇಶ ಇನ್ನೂ ಚಿಕ್ಕ ಹುಡುಗನಾಗಿದ್ದ ಕಾಲ, ಆಯುಧಪೂಜೆಯ ಹಿಂದಿನ ದಿನ. ಡಿಪೋದಲ್ಲಿ ಆ ಹಬ್ಬ ಅಂದರೆ ಯಾವ ಮದುವೆ ಮನೆಯೂ ಸಮ ಇಲ್ಲ. ಸ್ಪ್ಯಾನರು, ಜಾಕು, ಪಂಪು, ಕಂಡಕ್ಟರ ಟಿಕೆಟ್ ಪೆಟ್ಟಿಗೆ, ಕೊನೆಗೆ ನನ್ನ ಪೊರಕೆಗೂ ಸ್ನಾನ, ಅರಿಶಿನ ಕುಂಕುಮ. ನನಗೆ ಅನ್ನಿಸಿತು, ವರ್ಷವೆಲ್ಲ ಎಲ್ಲರ ಕೊಳೆ ಕುಡಿದು ದುಡಿಯುವುದು ಗುಂಡಿ. ಎಲ್ಲಕ್ಕೂ ಹಬ್ಬ, ಅದಕ್ಕೆ ಮಾತ್ರ ಇಲ್ಲವೇ? ಸಾಹೇಬರು ರಜೆ ಮೇಲೆ ಊರಿಗೆ ಹೋಗಿದ್ದರು. ಹಿಂದಿನ ಎರಡು ಶನಿವಾರ ಹಬ್ಬದ ಗಡಿಬಿಡಿಯಲ್ಲಿ ಎಣ್ಣೆ ಬಾಚಿರಲಿಲ್ಲ. ಡ್ರಮ್ಮೂ ತುಂಬಿತ್ತು.

ನಾನು ಬಿರಡೆ ಕಿತ್ತೆ. ಕರ್ರಗಿನದು ಗುಳುಗುಳು ಅಂತ ಹೋಯಿತು. ಗೋಡೆಗೆ ಅಂಟಿದ್ದು ಬರಲಿ ಅಂತ ಸೀಮೆಎಣ್ಣೆ ಹಾಕಿದೆ, ಸೋಪಿನ ಪುಡಿ ಸುರಿದೆ, ಉಜ್ಜಿದೆ. ನಾರು, ಮರಳನ್ನೂ ಪೈಪು ಹಿಡಿದು ತೊಳೆದೆ. ವರ್ಷವೆಲ್ಲ ಹಿಡಿದಿಟ್ಟುಕೊಂಡದ್ದನ್ನೆಲ್ಲ ಅದು ಒಂದು ಮಧ್ಯಾಹ್ನದಲ್ಲಿ ಬಿಟ್ಟುಕೊಟ್ಟಿತು. ಸೋಪು ಸೇರಿದರೆ ಎಣ್ಣೆ ತೇಲುವುದಿಲ್ಲ, ನೀರಿನೊಳಗೇ ಬೆರೆತು ಹೋಗುತ್ತದೆ ಅಂತ ಸಾಹೇಬರು ಆಮೇಲೆ ಹೇಳಿದರು. ಆಗ ನನಗೆ ಗೊತ್ತಿರಲಿಲ್ಲ. ಗೋಡೆಗೆ ಸುಣ್ಣ ಬಳಿದೆ. ಜಯಮ್ಮ ಕಟ್ಟಿಕೊಟ್ಟಿದ್ದ ಸೇವಂತಿಗೆ ಹಾರವನ್ನು ಅಂಚಿಗೆ ಹಾಕಿದೆ. ಮನಸ್ಸು ತುಂಬಿ ಬಂತು.

ಇನ್ನು ಬಿರಡೆ. ಅದೂ ಆಯುಧವೇ ತಾನೆ? ಅದನ್ನು ತೊಳೆದು, ಕುಂಕುಮ ಇಟ್ಟು, ಪೂಜೆಯ ಹಲಗೆ ಮೇಲೆ ಸ್ಪ್ಯಾನರುಗಳ ಸಾಲಿನಲ್ಲಿ ಇಟ್ಟುಬಿಟ್ಟೆ.

ಅವತ್ತು ಸಂಜೆ ಡಿಪೋದ ಅಷ್ಟೂ ಬಸ್ಸು ಹಬ್ಬಕ್ಕೆ ತೊಳೆದೆವು, ಇಂಜಿನ್ನಿಗೂ ಸ್ನಾನ. ನೀರೆಲ್ಲ ಬಿರಡೆ ಇಲ್ಲದ ಗುಂಡಿಯಿಂದ ನೆಟ್ಟಗೆ ಹಳ್ಳಕ್ಕೆ. ಸುಳಿಗೆ ಸಿಕ್ಕಿ ಜಯಮ್ಮನ ಹಾರವೂ ಹೋಯಿತು. ಯಾರು ನೋಡಿದರು?

ಮಾರನೇ ಬೆಳಿಗ್ಗೆ ಸಾಹೇಬರು ಬಂದರು. ಹಲಗೆ ಮುಂದೆ ನಿಂತು ಕೈ ಜೋಡಿಸಿದವರು ಹಾಗೇ ನಿಂತರು.

"ಅರೆ ಚಿಕ್ಕಣ್ಣ, ಇದು ಇಲ್ಲಿ ಯಾಕಿದೆ?"

"ಪೂಜೆಗೆ ಸಾ."

"ಇದು ಇಲ್ಲಿದ್ರೆ ಅಲ್ಲೇನಿದೆಯಯ್ಯಾ?"

ಆಗ ನನಗೆ ತಿಳಿಯಿತು. ಇಬ್ಬರೂ ಓಡಿದೆವು. ಗುಂಡಿ ಸುಣ್ಣ ಬಳಿದುಕೊಂಡು ಬೆಳ್ಳಗೆ, ಖಾಲಿಯಾಗಿ ಕೂತಿತ್ತು.

ಅಲ್ಲಿ ಕೆರೆಯಲ್ಲಿ ಏನಾಗಿತ್ತು? ಅವರಿಗೂ ಅದೇ ಹಬ್ಬ. ಊರವರೆಲ್ಲ ನೇಗಿಲು, ಕುಡುಗೋಲು, ಸೈಕಲ್ಲು ತೊಳೆಯಲು, ದನಗಳ ಮೈ ತೊಳೆಯಲು ಬೆಳಿಗ್ಗೆ ಕೆರೆಗೆ ಇಳಿದಿದ್ದರು. ತೊಳೆದಷ್ಟೂ ಕಪ್ಪಾಯಿತು. ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹತ್ತು ಗಂಟೆಗೆ ಇಪ್ಪತ್ತು ಜನ ಡಿಪೋ ಗೇಟಿಗೆ ಬಂದರು. ಆಗಿದ್ದ ಮ್ಯಾನೇಜರು ಹೊರಗೆ ಹೋಗಿ, "ನಮ್ಮದಲ್ಲ, ಯಾವುದೋ ಎಣ್ಣೆ ಲಾರಿ ಮೇಲ್ಗಡೆ ಮಗುಚಿಕೊಂಡಿದೆಯಂತೆ" ಅಂದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದನ್ನು ಉಳಿಸಲಿಕ್ಕೂ ಅಂದರು, ಅವರ ಮಾನ ಉಳಿಸಿಕೊಳ್ಳಲಿಕ್ಕೂ ಅಂದರು. ನಾನು ಬಸ್ಸಿನ ಮರೆಯಲ್ಲಿದ್ದೆ. ಸಾಹೇಬರು ನನ್ನ ಕಿವಿಯ ಹತ್ತಿರ ಬಂದು, "ನೀನು ಹೋಗಿ ಹೇಳೋದಾದ್ರೆ ನಾನೂ ನಿನ್ ಪಕ್ಕ ನಿಂತ್ಕೋತೀನಿ" ಅಂದರು. ನಾನು ನೆಲ ನೋಡಿದೆ. ಅವರು ಇನ್ನೊಂದು ಸಲ ಹೇಳಲಿಲ್ಲ.

ಮೂರು ಗಂಟೆಗೆ ನಿಂಗರಾಜು ಮನೆಗೆ ಬಂದ. ಒಳಗೆ ಬರಲಿಲ್ಲ. ಕೈಯಲ್ಲಿ ಎಣ್ಣೆ ತೊಟ್ಟಿಕ್ಕುವ ಹಾರ. ಹೊಸಿಲ ಮೇಲೆ ಇಟ್ಟ.

"ಅಕ್ಕ, ಬಾಳೆನಾರಲ್ಲಿ ಜೋಡಿ ಗಂಟಾಕಿ ಹೂ ಕಟ್ಟೋಳು ನಮ್ಮವ್ವ. ಅವಳ್ ಬುಟ್ರೆ ನೀನು. ಇದ್ ನಿನ್ ಕೈ ತಾನೆ?"

ಜಯಮ್ಮ ಹಾರ ನೋಡಿದಳು, ನನ್ನ ನೋಡಿದಳು.

"ಬಾವ, ನೀವ್ ಯೋಳಿ. ಏನಾಯ್ತು?"

ನಾನು ಹೇಳಿದೆ. ಹಾರ ಕಣ್ಣ ಮುಂದೆ ಇದ್ದಾಗಲೂ ಹೇಳಿದೆ. "ಯಾವುದೋ ಲಾರಿ ಮಗುಚ್ಕತಂತೆ ಕಣಪ್ಪ."

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಆಯ್ತು ಬಾವ. ನಿಮ್ ಬಾಯಿಂದ ನಿಜ ಬರೋಗಂಟ ನಿಮ್ಮನೆ ನೀರ್ ಮುಟ್ಟಕಿಲ್ಲ" ಅಂದ. ಹೋದ.

ಮಾತು ಬಿಟ್ಟವನಲ್ಲ ಅವನು. ಬರುತ್ತಿದ್ದ, ಹೋಗುತ್ತಿದ್ದ. ಮಹೇಶನ ಮದುವೆಯಲ್ಲಿ ಚಪ್ಪರ ಹಾಕಿದವನು ಅವನೇ, ನೆಂಟರಿಗೆ ಬಡಿಸಿದವನೂ ಅವನೇ. ಎಲೆಗೆ ಮಾತ್ರ ಕೂರಲಿಲ್ಲ. ಮೊದಲು ತಂಬಿಗೆಯಲ್ಲಿ, ಆಮೇಲೆ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ತನ್ನ ನೀರು ತಾನೇ ತರುತ್ತಿದ್ದ. ನಮ್ಮ ಜಗಲಿಯಲ್ಲಿ ಕೂತು ತನ್ನ ನೀರು ಕುಡಿದು ಹೋಗುತ್ತಿದ್ದ. ಚೈತ್ರ ಚಿಕ್ಕವಳಿದ್ದಾಗ, ನಿಂಗತಾತನಿಗೆ ಏನೋ ಕಾಯಿಲೆ, ಡಾಕ್ಟರು ಕೊಟ್ಟ ನೀರೇ ಕುಡಿಯಬೇಕು ಅಂತ ನಂಬಿದ್ದಳು. ನಾವೂ ಹೂಂ ಅಂದಿದ್ದೆವು. ಜಯಮ್ಮ ಪ್ರತಿ ಹಬ್ಬಕ್ಕೂ ತಮ್ಮನಿಗೆ ಅಂತ ಒಂದು ತಟ್ಟೆ ತೊಳೆದು ಬೋರಲು ಹಾಕುತ್ತಿದ್ದಳು. ಸಂಜೆ ಅದನ್ನು ಹಾಗೇ ಎತ್ತಿಡುತ್ತಿದ್ದಳು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಕೆರೆಗೆ ನಾನು ಏನೂ ಮಾಡಲಿಲ್ಲ ಅಂತಲ್ಲ. ವಾರದ ರಜೆಯ ದಿನ ಸಾಹೇಬರೂ ನಾನೂ ಹೋಗಿ ನೀರಿನ ಮೇಲೆ ನೆಲ್ಲುಹುಲ್ಲು ಹರಡುತ್ತಿದ್ದೆವು. ಹುಲ್ಲು ಎಣ್ಣೆ ಹೀರುತ್ತದೆ, ಎಳೆದು ದಡಕ್ಕೆ ಹಾಕುವುದು, ಹೊಸದು ಹರಡುವುದು. ಮೂರು ತಿಂಗಳು ಮಾಡಿದೆವು. ನಿಂಗರಾಜು ಏರಿ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ.

"ಲಾರಿಯೋರ್ ಎಣ್ಣೆಗೆ ನೀವ್ಯಾಕ್ ಉಲ್ ಆಕ್ತೀರಿ ಬಾವ?"

ನಾನು ಹುಲ್ಲು ಎಳೆಯುತ್ತಲೇ ಇದ್ದೆ. ಅವನು ಒಂದು ಹೊರೆ ಹುಲ್ಲನ್ನು ತಾನೇ ತಂದು ದಡದಲ್ಲಿ ಹಾಕಿ ಹೋದ.

ಎರಡು ಮಳೆಗಾಲ ಕಳೆದ ಮೇಲೆ ಕೆರೆ ತಿಳಿಯಾಯಿತು. ಮೀನು ತಿರುಗಿ ಬಂದವು. ನಾನು ತಿರುಗಲಿಲ್ಲ. ಕೆಲಸ ಕಾಯಂ ಆಯಿತು, ಸಾಹೇಬರು ತೀರಿಕೊಂಡರು, ಆ ಮ್ಯಾನೇಜರು ವರ್ಗವಾಗಿ ಹೋದರು. ಇನ್ನು ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ, ಆದರೂ ಹೇಳಲಿಲ್ಲ. ಹೇಳಬೇಕಾದ ದಿನ ದಾಟಿದರೆ ಆಮೇಲೆ ಒಂದೊಂದು ದಿನವೂ ಹಿಂದಿನದಕ್ಕಿಂತ ಭಾರ. ನಾನು ಮಾಡಿದ್ದು ಒಂದೇ. ಗುಂಡಿಯ ಗೋಡೆ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದೆ: ಗುಂಡಿಗೆ ಹಬ್ಬವಿಲ್ಲ. ಹೊಸಬರು ಓದಿ ನಗುತ್ತಿದ್ದರು. ಯಾಕೆ ಅಂತ ಕೇಳಿದರೆ "ಸಾಹೇಬ್ರ ಮಾತು" ಅನ್ನುತ್ತಿದ್ದೆ. ಅದೂ ಸುಳ್ಳು.

ಹೊಸದಾಗಿ ಸೇರುವ ಮಕ್ಕಳೇ, ನಿಮ್ಮ ಗುಂಡಿ ಸಿಮೆಂಟಿನದಿರಬಹುದು, ಕರೆಂಟಿನದಿರಬಹುದು. ಕೊಳಕಾಗಿ ಕಾಣುವುದೇ ಅದರ ಕೆಲಸ. ನೋಡಲು ಯಾರಾದರೂ ದೊಡ್ಡವರು ಬರುತ್ತಾರೆ, ಹಬ್ಬ ಬಂತು ಅಂತ ಅದನ್ನು ಚಂದ ಮಾಡಲು ಹೋಗಬೇಡಿ. ಅದು ಬೆಳ್ಳಗಾದರೆ ಕೆಳಗೆ ಇನ್ನಾರದೋ ನೀರು ಕರ್ರಗಾಯಿತು ಅಂತ ತಿಳಿಯಿರಿ. ಮತ್ತೆ, ತಪ್ಪು ಮಾಡಿದ ದಿನವೇ ಹೇಳಿ. ಪಕ್ಕದಲ್ಲಿ ನಿಲ್ಲುತ್ತೇನೆ ಅನ್ನುವವರು ಒಬ್ಬರಿದ್ದರಂತೂ ಅವತ್ತೇ ಹೇಳಿ. ಅಂಥವರು ಎರಡನೇ ಸಲ ಸಿಗುವುದಿಲ್ಲ.

ಈ ಕೊನೆಯ ಪುಟವನ್ನು ಊಟವಾದ ಮೇಲೆ ಬರೆಯುತ್ತಿದ್ದೇನೆ. ಕೈಯಲ್ಲಿ ಇನ್ನೂ ಮೀನಿನ ವಾಸನೆ.

ಚೈತ್ರ ಐದು ಗಂಟೆ ಬಸ್ಸಿಗೆ ಮೈಸೂರಿನಿಂದ ಬಂದಳು. ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು ಎತ್ತಲು ನೋಡಿದಳು. ಅಷ್ಟರಲ್ಲಿ ನಿಂಗರಾಜು ಬಂದ. ಒಂದು ಕೈಯಲ್ಲಿ ಚೀಲದ ತುಂಬ ಕೆರೆ ಮೀನು, ಇನ್ನೊಂದು ಕೈಯಲ್ಲಿ ಅವನ ಬಾಟ್ಲಿ.

"ತಗೊಳಮ್ಮಿ, ಕಡ್ಲ್ ಮೀನ್ ತಿನ್ನಕ್ ಮುಂಚೆ ನಮ್ ಕೆರೆ ಮೀನ್ ತಿಂದ್ ಓಗು" ಅಂತ ಚೀಲ ಕೊಟ್ಟು, ಎಂದಿನ ಹಾಗೆ ಜಗಲಿಯಲ್ಲಿ ಕೂತ.

ಜಯಮ್ಮ, ಸವಿತ ಒಳಗೆ ಮೀನು ಉಜ್ಜಿದರು, ಸಾರು ಕುದಿಯಿತು, ಮುದ್ದೆ ತಿರುವಿದ್ದಾಯಿತು. ಮಹೇಶ ಗೂಡ್ಸ್ ಆಟೋ ನಿಲ್ಲಿಸಿ ಕೈಕಾಲು ತೊಳೆದು ಬಂದ. ತಟ್ಟೆಗಳು ಬಂದವು. ಬೋರಲು ಹಾಕಿದ ತಟ್ಟೆಯೂ ಬಂತು. ಆಗ ನಾನು ಪುಸ್ತಕ ತೆಗೆದೆ. "ಎಲ್ಲಾರೂ ಕೇಳಿ. ನಿಂಗ, ಒಳೀಕ್ ಬಾ" ಅಂದೆ. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದೆ. ಬಿರಡೆ ಕಿತ್ತ ಕಡೆ ಬಂದಾಗ ಅಕ್ಷರ ಕಾಣದಾದವು. ಚೈತ್ರ ಪುಸ್ತಕಕ್ಕೆ ಕೈ ಚಾಚಿದಳು. ಕೊಡಲಿಲ್ಲ. ಪುಸ್ತಕ ಮಡಿಚಿಟ್ಟು ಬಾಯಲ್ಲೇ ಹೇಳಿದೆ. ಸೋಪಿನ ಪುಡಿ, ಸುಣ್ಣ, ಕುಂಕುಮ ಇಟ್ಟ ಬಿರಡೆ, ಬಸ್ಸಿನ ಮರೆ, ಹೊಸಿಲ ಮೇಲಿನ ಹಾರ. "ಲಾರಿ ಇರ್ಲಿಲ್ಲ. ನಾನೇ ಕಣಪ್ಪ ನಿಂಗ. ತಪ್ಪಾಯ್ತು" ಅಂದೆ.

ಒಲೆ ಮೇಲೆ ಸಾರು ಕೊತಕೊತ ಅನ್ನುತ್ತಿತ್ತು.

ಮೊದಲು ಮಾತಾಡಿದವಳು ಚೈತ್ರ. "ತಾತ, ನಾನು ಸೇರೋ ದಿನಾನೇ ಆ ಮೇಡಮ್ಮಿಗೆ ಹೇಳ್ತೀನಿ. ಒಂದು ಸಲ ಕೈಕೊಟ್ಟಿತ್ತು, ಹಿಂಗಿಂಗೆ ಅಂತ. ಅಲ್ಲಿನ ಗೋಡೆ ಮೇಲೂ ಗುಂಡಿಗೆ ಹಬ್ಬವಿಲ್ಲ ಅಂತ ಬರೆಸ್ತೀನಿ." ಅವಳ ಕಣ್ಣಲ್ಲಿ ನೀರಿತ್ತು. ಆದರೆ ನನ್ನ ಕೈ ಬಿಟ್ಟಿರಲಿಲ್ಲ.

ನಿಂಗರಾಜು ಬಾಟ್ಲಿಯ ಮುಚ್ಚಳ ತಿರುಗಿಸಿದ. ಕುಡಿಯುತ್ತಾನೆ ಅಂದುಕೊಂಡೆ. ಅಂಗಳಕ್ಕೆ ಇಳಿದು ಆ ನೀರನ್ನೆಲ್ಲ ಕರಿಬೇವಿನ ಗಿಡದ ಬುಡಕ್ಕೆ ಹೊಯ್ದ. ಒಳಗೆ ಬಂದು ಮಹೇಶನ ಪಕ್ಕ ಚಕ್ಕಂಬಟ್ಟಲು ಹಾಕಿ ಕೂತ.

"ಅಕ್ಕ, ಒಂದ್ ಲೋಟ ನೀರ್ ಕೊಡು."

ಜಯಮ್ಮ ಓಡಿ ತಂದ ಲೋಟದಿಂದ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಅವನು ಕಣ್ಣು ಮುಚ್ಚಿ, ನಿಲ್ಲಿಸದೆ ಕುಡಿದ. ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡ.

"ಸಪ್ಪೆ ಕಣಕ್ಕ ನಿಮ್ ನೀರು. ಇದ್ಕಾ ನಾನ್ ಇಷ್ಟ್ ವರ್ಸ ಕಾಯ್ದಿದ್ದು?"

ಮೊದಲು ಮಹೇಶ ನಕ್ಕ, ಆಮೇಲೆ ಸವಿತ. ಜಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಲೇ ನಕ್ಕಳು. ನಾನು ಮೀನಿನ ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕಲು ಹೋದರೆ, "ಮೊಮ್ಮಗಳ್ಗಾಕಿ ಬಾವ, ಕಡ್ಲ್ ತೊಳ್ಯೋಕ್ ಓಗೋಳು" ಅಂತ ತಡೆದ. ಚೈತ್ರ ಅದನ್ನು ಮುರಿದು ಅರ್ಧ ಅವನ ತಟ್ಟೆಗೆ, ಅರ್ಧ ನನ್ನ ತಟ್ಟೆಗೆ ಹಾಕಿದಳು. ಆರು ಜನ, ಒಂದೇ ಸಾಲು. ಎರಡನೇ ಮುದ್ದೆಯನ್ನು ಅವನು ಕೇಳಲೇ ಇಲ್ಲ, ಜಯಮ್ಮನೇ ಹಾಕಿದಳು. ಅವನು ಬೇಡ ಅನ್ನಲಿಲ್ಲ.